ಗೋಡೆ ಮುಚ್ಚುವ ಮುನ್ನ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ತಂತಿ, ಕೊಳವೆಗಳ ಮಾತೇಕೆಂದು ತಾವು ಕೇಳಬಹುದು. ಕಾರಣವುಂಟು. ಊರಿನಲ್ಲಿರುವ ಅಜ್ಜಿಯ ಮುಖವನ್ನು ನಮ್ಮ ಮಕ್ಕಳು ಕಾಣುವುದು, ಆಕೆಯ ಬಾಯಿಂದ ಕನ್ನಡ ಕೇಳುವುದು ಇಂದು ಬಹುಮಟ್ಟಿಗೆ ಅಂತರಜಾಲದ ಮೂಲಕವೇ. ಮಗನ ಕಚೇರಿ, ಮಗಳ ಪಾಠ ಇವೂ ಅದನ್ನೇ ನೆಚ್ಚಿವೆ.

ನಮ್ಮ ಡೊಂಬಿವಲಿ ಎಂಐಡಿಸಿಯಲ್ಲಿ ಹಳೆಯ ಮನೆಗಳು ಬಹಳ. 2016ರ ಮೇ 26ರಂದೂ 2024ರ ಮೇ 23ರಂದೂ ಇಲ್ಲಿಯ ಕಾರಖಾನೆಗಳಲ್ಲಾದ ಸ್ಫೋಟಗಳು ಹಲವರ ಜೀವ ತೆಗೆದವು. ಸುತ್ತಣ ಕಟ್ಟಡಗಳ ಕಿಟಕಿ ಗಾಜುಗಳು ಪುಡಿಯಾದವು. ದುರಸ್ತಿಯೆಂಬುದು ನಮಗೆ ಹೊಸ ಮಾತಲ್ಲ. ಆದರೆ ಕೂಡಿಟ್ಟ ಹಣದಿಂದ ಮನೆ ನವೀಕರಿಸುವಾಗ ಟೈಲ್ಸು, ಬಣ್ಣ, ಅಡಿಗೆಕಟ್ಟೆಗಳನ್ನು ಕುರಿತು ತಿಂಗಳುಗಟ್ಟಲೆ ಯೋಚಿಸುವ ನಾವು, ಅಂತರಜಾಲದ ತಂತಿಯನ್ನು ನೆನೆಯುವುದು ಗಿಲಾವು ಒಣಗಿದ ಮೇಲೆ. ಆಗ ಹೊಸ ಬಣ್ಣದ ಮೇಲೆಯೇ ತಂತಿ ಹರಿದಾಡಬೇಕು, ಇಲ್ಲವೆ ಗೋಡೆಯನ್ನು ಮತ್ತೆ ಒಡೆಯಬೇಕು.

ಬೀದಿಯಿಂದ ಮನೆಗೆ ಬರುವುದು ಗಾಜಿನ ಎಳೆ. ಅದರ ದಪ್ಪ 0.125 ಮಿಲಿಮೀಟರು. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜಿನ ಕಲ್ಮಷವನ್ನು ನೀಗಿದರೆ ಬೆಳಕು ಅದರೊಳಗೆ ಬಹುದೂರ ಸಾಗಬಲ್ಲುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಈ ಎಳೆಯನ್ನು ಚೂಪಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ. ಕೈಬಳೆಯ ಸುತ್ತಿಗಿಂತ ಬಿಗಿಯಾದ ತಿರುವು ಅದಕ್ಕೆ ಬೇಡ.

ಎಳೆ ಬಂದು ಮುಗಿಯುವಲ್ಲಿ ಒಂದು ಪೆಟ್ಟಿಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅದರ ಸ್ಥಾನವನ್ನು ಮೊದಲು ಗೊತ್ತುಮಾಡಿರಿ. ಮನೆಯ ನಡುಭಾಗ, ಗಾಳಿಯಾಡುವ, ಮಳೆಗಾಲದ ತೇವ ತಾಕದ ಜಾಗ ಲೇಸು. ಕಬ್ಬಿಣದ ಕಪಾಟಿನೊಳಗೆ ಬೇಡ. ಪಕ್ಕದಲ್ಲಿ ಎರಡು ಪ್ಲಗ್ಗುಗಳಿರಲಿ. ಕರೆಂಟು ಹೋದರೆ ಈ ಪೆಟ್ಟಿಗೆಯೂ ನಿಲ್ಲುವುದರಿಂದ ಚಿಕ್ಕದೊಂದು ಬ್ಯಾಟರಿಗೂ ಎಡೆಯಿರಲಿ.

ವೈಫೈ ಇರುವಾಗ ಒಳಗೆ ತಂತಿಯೇಕೆ ಎನ್ನುವವರುಂಟು. ವೈಫೈ ಎಂಬುದು ರೇಡಿಯೊ ಅಲೆ. ಸರಳು ತುಂಬಿದ ಕಾಂಕ್ರೀಟು ಅದನ್ನು ಕುಂದಿಸುತ್ತದೆ. 5 ಗಿಗಾಹರ್ಟ್ಸಿನ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4ರದು ಇದಕ್ಕೆ ತಿರುಗುಮುರುಗು. ಆದ್ದರಿಂದ ಓದುವ ಮೇಜು, ಟಿವಿ, ಹಿಂದಿನ ಕೋಣೆ, ಇವೊಂದೊಂದಕ್ಕೂ ಪೆಟ್ಟಿಗೆಯಿಂದ ಬೇರೆ ಬೇರೆ ಕ್ಯಾಟ್-6 ತಂತಿ ಹೋಗಲಿ. ಅದು 100 ಮೀಟರಿನವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯಬಲ್ಲುದು. ಶುದ್ಧ ತಾಮ್ರದ್ದನ್ನೇ ಕೊಳ್ಳಿರಿ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಅಗ್ಗವಾದರೂ ಬೇಗ ಮುರಿಯುತ್ತದೆ. ವಿದ್ಯುತ್ ತಂತಿಯ ಕೊಳವೆಯೊಳಗೇ ಇದನ್ನು ತುರುಕಲು ಬಿಡಬೇಡಿರಿ. ಅದರಿಂದ ಅಪಾಯವುಂಟು, ಸಂಕೇತವೂ ಕೆಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕೊಳವೆ. ತಂತಿಯನ್ನು ಕೆಲವು ವರ್ಷಗಳಲ್ಲಿ ಬದಲಿಸಬೇಕಾದೀತು. ಗೋಡೆಯನ್ನು ಪದೇಪದೇ ಒಡೆಯಲಾಗದು. 25 ಮಿಲಿಮೀಟರಿನ ಪಿವಿಸಿ ಕೊಳವೆ ಹಾಕಿಸಿ, ತಿರುವುಗಳನ್ನು ಅಗಲವಾಗಿಡಿಸಿ, ಒಳಗೆ ತಂತಿ ಎಳೆಯಲು ಒಂದು ನೈಲಾನ್ ದಾರ ಬಿಡಿಸಿರಿ. ಹೊರಬಾಗಿಲಿನಿಂದ ಪೆಟ್ಟಿಗೆಯವರೆಗೆ ಇನ್ನೊಂದು ಕೊಳವೆ ಬರಿದಾಗಿಯೇ ಇರಲಿ. ನಾಳೆ ಕಂಪನಿ ಬದಲಾದರೂ ಗೋಡೆಗೆ ಉಳಿ ತಾಗದು. ಮೆಟ್ಟಿಲ ಬಳಿಯಿಂದ ಎಳೆ ತರಲು ಸೊಸಾಯಿಟಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಗಿಲಾವು ಬಳಿಯುವ ಮುನ್ನ ಅಳತೆಯ ಟೇಪು ಹಿಡಿದು ಪ್ರತಿ ಗೋಡೆಯ ಚಿತ್ರ ತೆಗೆದಿಡಿರಿ. ಮುಂದೆ ಮೊಳೆ ಹೊಡೆಯುವವನಿಗೆ ಅದೇ ನಕ್ಷೆ.

ಬಂಧುಗಳೆ, ಗೌಂಡಿ ಕರಣೆ ಎತ್ತುವ ಮುನ್ನ ಮನೆಮಂದಿಯೆಲ್ಲ ಅರ್ಧ ದಿನ ಕುಳಿತು, ಯಾರಿಗೆ ಎಲ್ಲಿ ಏನು ಬೇಕೆಂದು ಕಾಗದದ ಮೇಲೆ ಬರೆಯಿರಿ. ಹಿರಿಯರು ಊರಿನವರೊಡನೆ ಮಾತಾಡಲು ಕೂರುವ ಕುರ್ಚಿಯನ್ನೂ ಆ ನಕ್ಷೆಯಲ್ಲಿ ಗುರುತಿಸಿರೆಂದು ಬಿನ್ನವಿಸಿ, ನನ್ನ ಮಾತು ಮುಗಿಸುತ್ತೇನೆ.