ಮನೆಯವರಿಗೆಂದು ಹಿಡಿದ ಸೂಜಿ

(ಗಿರಣಿ ಕಾರ್ಮಿಕರು ಹಾಗೂ ಚಿಲ್ಲರೆ ವ್ಯಾಪಾರಸ್ಥರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಹೊಲಿಗೆ ಎಂದು ಕರಪತ್ರದಲ್ಲಿ ಓದಿ ಕೆಲವರು ನಕ್ಕರೆಂದು ಕೇಳಿದೆವು. ತುಟ್ಟಿಭತ್ಯೆ, ಬೋನಸ್ಸು, ಅಂಗಡಿಯ ಬಾಡಿಗೆ ಇವುಗಳ ಮಾತಾಡಬೇಕಾದವರು ಅಂಗಿ ಚೀಲಗಳ ಮಾತಿಗೆ ಇಳಿದರಲ್ಲ ಎಂಬುದು ಅವರ ನಗೆಗೆ ಕಾರಣ. ನಗಲಿ. ಆದರೆ ಇಲ್ಲಿ ಕುಳಿತವರು ತಮ್ಮ ಮೈಮೇಲಿನ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿರಿ. ನೂಲು ತೆಗೆದವರು ನಮ್ಮಂಥವರು, ನೇಯ್ದವರು ನಮ್ಮಂಥವರು, ಅಳೆದು ಕತ್ತರಿಸಿ ಮಾರಿದವರೂ ನಮ್ಮಂಥವರೇ. ಆದರೆ ಆ ಅಂಗಿಯನ್ನು ಎಲ್ಲಿ ಹೊಲಿದರು, ಯಾರು ಹೊಲಿದರು, ಹೊಲಿದವರ ಕೈಗೆ ಏನು ಬಂದಿತು ಎಂದು ಕೇಳಿದರೆ ಈ ಸಭೆಯಲ್ಲಿ ಉತ್ತರ ಹೇಳುವವರಿಲ್ಲ. ಹೊಲಿದ ಕೈ ಕಾಣದಂತೆ ಮಾಡಿರುವುದೇ ಸಿದ್ಧ ಉಡುಪಿನ ವ್ಯಾಪಾರದ ಗುಟ್ಟು. ಅದರ ಮಾತಿಗೆ ಆಮೇಲೆ ಬರೋಣ.

ಮೊದಲು ಕೈ ಕಾಣುವ ಹೊಲಿಗೆಯನ್ನು ನೋಡೋಣ. ನಮ್ಮ ಕಡೆ ಮಗು ಹುಟ್ಟಿದ ಮನೆಯಲ್ಲಿ ಅಜ್ಜಿ ಹೊಲಿಯುವ ಕುಲಾವಿ, ಕುಂಚಿಗೆಗಳನ್ನು ಅರಿಯದವರು ಯಾರು? ಖಣದ ತುಂಡೊಂದು ಸಿಕ್ಕರೆ ಸಾಕು, ಅಜ್ಜಿಯ ಕೈ ಸುಮ್ಮನಿರುವುದಿಲ್ಲ. ಮಗುವಿನ ತಲೆಯ ಅಳತೆಯನ್ನು ಆಕೆ ಪಟ್ಟಿ ಹಿಡಿದು ತೆಗೆದುಕೊಳ್ಳುವುದಿಲ್ಲ, ಅಂಗೈಯಿಂದ ತೆಗೆದುಕೊಳ್ಳುತ್ತಾಳೆ. ಇನ್ನು ಕೌದಿ. ಹಳೆಯ ಸೀರೆ, ಧೋತರ, ಹರಿದ ಅಂಗಿಯ ಬೆನ್ನು, ಮಕ್ಕಳ ಲಂಗದ ಘೇರು ಇವನ್ನೆಲ್ಲ ಒಗೆದು, ಪದರದ ಮೇಲೆ ಪದರ ಹಾಸಿ, ಗೇಣುದ್ದದ ದಾರದಿಂದಲ್ಲ, ಮಾರುದ್ದದ ದಾರದಿಂದ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದರೆ ಒಂದು ಬೇಸಿಗೆಯ ಮಧ್ಯಾಹ್ನಗಳೆಲ್ಲ ಅದರಲ್ಲಿ ಮುಗಿಯುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ಕ್ರಮ ಇನ್ನೂ ಸೊಗಸು. ಅವರು ಒಂದು ಮೂಲೆಯಿಂದ ಹೊರಟು ಅಂಚು ಹಿಡಿದು ಸುತ್ತುತ್ತ ಒಳಗೊಳಗೆ ಬಂದು ನಡುವಿಗೆ ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮುಕ್ಕೋನದ ಪುಟ್ಟ ತುಂಡುಗಳನ್ನು ಕೂಡಿಸಿ ಹೊಲಿಯುತ್ತಾರೆ. ಅವಕ್ಕೆ ಹೂವೆಂದು ಹೆಸರು. ಹೂವಿಲ್ಲದ ಕೌದಿ ಬೆತ್ತಲೆ ಎಂದು ಅವರ ಮಾತು. ಮೈಮುಚ್ಚುವ ಹೊದಿಕೆಗೂ ಮಾನವುಂಟು ಎಂದು ತಿಳಿದವರು ಅವರು.

ಇಲ್ಲಿ ಒಂದು ಎಚ್ಚರ ಹೇಳಬೇಕು. ಕೌದಿಯನ್ನು ಹೊಗಳುವ ಭರದಲ್ಲಿ ಬಡತನವನ್ನು ಹೊಗಳುವವರುಂಟು. ಕೌದಿ ಹುಟ್ಟಿದ್ದು ಹೊಸ ರಗ್ಗು ಕೊಳ್ಳಲು ಹಣವಿಲ್ಲದ್ದರಿಂದ. ಅದನ್ನು ಮರೆತು, ದೊಡ್ಡ ನಗರದ ಗಾಜಿನ ಅಂಗಡಿಯಲ್ಲಿ ಅದೇ ಕೌದಿಯನ್ನು ತೂಗುಹಾಕಿ ಬೆಲೆಯ ಚೀಟಿ ಅಂಟಿಸಿದವರಿಗೆ ಬಡತನವೂ ಒಂದು ಸರಕು. ನಾವು ಹೇಳುವುದು ಅದಲ್ಲ. ಹೊಸ ರಗ್ಗು ಕೊಳ್ಳುವ ಶಕ್ತಿಯೂ ಬರಬೇಕು, ಬಂದ ಮೇಲೂ ತನ್ನ ಮೊಮ್ಮಗನಿಗೆಂದು ಕೌದಿ ಹೊಲಿಯುವಷ್ಟು ಬಿಡುವೂ ಅಜ್ಜಿಗೆ ಉಳಿದಿರಬೇಕು.

ಸೂಜಿಯ ಕಸುಬು ನಮ್ಮಲ್ಲಿ ಕೀಳಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದನು. ಸಿಂಪಿಗರು ಸಂತ ನಾಮದೇವನನ್ನು ತಮ್ಮವನೆನ್ನುತ್ತಾರೆ. ಕೈಹೊಲಿಗೆಯ ಆ ಕಾಲ ಬದಲಾದದ್ದು ಯಂತ್ರ ಬಂದ ಮೇಲೆ.

ಯಂತ್ರದ ಕಥೆ ಕಾರ್ಮಿಕರಾದ ನಾವು ಅರಿಯಬೇಕಾದ್ದು. ಫ್ರಾನ್ಸಿನಲ್ಲಿ ತಿಮೊನಿಯೇ ಎಂಬ ಬಡ ದರ್ಜಿಯೊಬ್ಬನು ೧೮೩೦ರಲ್ಲಿ ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಪ್ಯಾರಿಸ್ಸಿನಲ್ಲಿ ಸೈನಿಕರ ಉಡುಪು ಹೊಲಿಯಲು ಸುಮಾರು ಎಂಬತ್ತು ಯಂತ್ರಗಳನ್ನು ಹೂಡಿದನು. ಮರುವರ್ಷವೇ ಅಲ್ಲಿಯ ದರ್ಜಿಗಳು ನುಗ್ಗಿ ಅವನ್ನೆಲ್ಲ ಒಡೆದುಹಾಕಿದರು. ಒಡೆದವರೂ ದರ್ಜಿಗಳು, ಮಾಡಿದವನೂ ದರ್ಜಿ! ಸೈನ್ಯದ ಗುತ್ತಿಗೆಯ ಲಾಭ ಯಾರ ಪಾಲಿಗೆ ಎಂಬುದನ್ನು ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ತಿಮೊನಿಯೇ ೧೮೫೭ರಲ್ಲಿ ಬಡವನಾಗಿಯೇ ಸತ್ತನು. ಅತ್ತ ಅಮೆರಿಕದಲ್ಲಿ ಎಲಿಯಸ್ ಹೋವ್ ಎಂಬವನು ೧೮೪೬ರಲ್ಲಿ, ಐಸಾಕ್ ಸಿಂಗರ್ ೧೮೫೧ರಲ್ಲಿ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಹೋವನ ಯಂತ್ರದ ಚಮತ್ಕಾರವನ್ನು ನೇಯ್ಗೆ ಖಾತೆಯವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಸೂಜಿಯ ಕಣ್ಣು ಬುಡದಲ್ಲಿರದೆ ಮೊನೆಯಲ್ಲಿರುತ್ತದೆ. ಅದು ಬಟ್ಟೆಯ ಕೆಳಗೆ ಇಳಿದು ದಾರದ ಕುಣಿಕೆ ಬಿಟ್ಟಾಗ ಆ ಕುಣಿಕೆಯೊಳಗೆ ಎರಡನೆಯ ದಾರ ಹೊತ್ತ ಲಾಳಿ ಹಾಯುತ್ತದೆ. ಮಗ್ಗದ ಲಾಳಿಯೇ ಹೊಲಿಗೆ ಯಂತ್ರದ ಹೊಟ್ಟೆಗೆ ಸೇರಿತು ಎನ್ನಬಹುದು.

ಸಿಂಗರ್ ಕಂಪನಿ ಇನ್ನೊಂದು ಕೆಲಸ ಮಾಡಿತು. ೧೮೫೦ರ ದಶಕದಲ್ಲೇ ಯಂತ್ರವನ್ನು ಕಂತಿನ ಮೇಲೆ ಮಾರತೊಡಗಿತು. ಇಂದು ಮನೆ ಮನೆಗೆ ಬಂದಿರುವ ಕಂತಿನ ಸಾಲಕ್ಕೆ ದಾರಿ ಹಾಕಿದವುಗಳಲ್ಲಿ ಹೊಲಿಗೆಯ ಯಂತ್ರವೂ ಒಂದು. ನಮ್ಮ ದೇಶದಲ್ಲಿ ೧೯೩೦ರ ದಶಕದಲ್ಲಿ ಕಲಕತ್ತೆಯ ಜಯ್ ಇಂಜಿನಿಯರಿಂಗ್ ಕಾರ್ಖಾನೆ ಉಷಾ ಯಂತ್ರಗಳನ್ನು ಮಾಡಲು ಹೊರಟಿತು. ಮದುವೆಯಲ್ಲಿ ಮಗಳಿಗೆ ಕೊಟ್ಟ ಕಪ್ಪು ಬಣ್ಣದ ಯಂತ್ರ ಎಷ್ಟು ಮನೆಗಳಲ್ಲಿ ಗಂಡನ ಗಿರಣಿ ಮುಚ್ಚಿದ ದಿನ ಒಲೆ ಉರಿಸಿತು ಎಂಬುದನ್ನು ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲವನ್ನು ಕಂಡವರು ಬಲ್ಲರು.

ಯಂತ್ರವೆಂದರೆ ಸಿಡಿಮಿಡಿಗೊಳ್ಳುತ್ತಿದ್ದ ಗಾಂಧೀಜಿ ಕೂಡ ೧೯೨೪ರಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸುತ್ತ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಸಿಂಗರನು ಅದನ್ನು ರಚಿಸಿದನೆಂದೂ ಆ ಯಂತ್ರದ ಹಿಂದೆ ಪ್ರೀತಿ ಇದೆಯೆಂದೂ ಅವರ ಅಭಿಪ್ರಾಯ. ಸಿಂಗರನ ಚರಿತ್ರೆ ಓದಿದವರು ಈ ಪ್ರೀತಿಯ ಕಥೆಯನ್ನು ಅಷ್ಟಾಗಿ ನಂಬಲಾರರು; ಅದು ಹಾಗಿರಲಿ. ಹಾಗಾದರೆ ಅಂಥ ಯಂತ್ರಗಳನ್ನು ಮಾಡಲು ದೊಡ್ಡ ಕಾರ್ಖಾನೆ ಬೇಕಾಗುವುದಲ್ಲ ಎಂದು ಕೇಳಿದಾಗ, ಆ ಕಾರ್ಖಾನೆಗಳು ರಾಷ್ಟ್ರದ ಒಡೆತನದಲ್ಲಿ ಇರಬೇಕೆನ್ನುವಷ್ಟು ಸಮಾಜವಾದಿ ತಾವು ಎಂದರು. ಗಾಂಧೀಜಿಯ ಈ ಮಾತನ್ನು ಖಾದಿ ಉತ್ಸವಗಳ ವೇದಿಕೆಯಲ್ಲಿ ನಾವು ಕೇಳಿದ್ದಿಲ್ಲ.

ಈಗ ಕೈ ಕಾಣದ ಹೊಲಿಗೆಗೆ ಬರೋಣ. ಮನೆಯಲ್ಲಿ ಪ್ರೀತಿಯ ಸಾಧನವಾದ ಯಂತ್ರವನ್ನೇ ಸಾಲಾಗಿ ಇನ್ನೂರು ಮುನ್ನೂರು ಜೋಡಿಸಿ, ಗಂಟೆಗೆ ಇಷ್ಟು ಕಾಲರು, ಇಷ್ಟು ತೋಳು ಎಂದು ಲೆಕ್ಕ ಕಟ್ಟಿದರೆ ಏನಾಗುತ್ತದೆ? ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಯಲ್ಲಿ ೧೯೧೧ರ ಮಾರ್ಚ್ ೨೫ರಂದು ಬೆಂಕಿ ಬಿದ್ದಾಗ ಹೊರಹೋಗುವ ಬಾಗಿಲಿಗೆ ಬೀಗವಿತ್ತು. ೧೪೬ ಜನ ಸತ್ತರು, ಹೆಚ್ಚಿನವರು ಎಳೆಯ ಹುಡುಗಿಯರು. ನೂರು ವರ್ಷ ಕಳೆದರೂ ಬುದ್ಧಿ ಬರಲಿಲ್ಲ. ೨೦೧೩ರ ಏಪ್ರಿಲ್ ೨೪ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟದ್ದನ್ನು ಕಂಡಿದ್ದರೂ ಉಡುಪು ಕಾರ್ಮಿಕರನ್ನು ಒಳಗೆ ಕರೆದಿದ್ದರು. ೧,೧೦೦ಕ್ಕೂ ಹೆಚ್ಚು ಜನ ಮಣ್ಣಾದರು. ಅವರು ಹೊಲಿಯುತ್ತಿದ್ದುದು ಸಮುದ್ರದಾಚೆಯ ದೇಶಗಳ ಅಂಗಡಿಗಳಿಗೆ.

ನಮ್ಮ ಬೆಂಗಳೂರೂ ಈ ಲೆಕ್ಕದ ಹೊರಗಿಲ್ಲ. ಅಲ್ಲಿಯ ಉಡುಪು ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳು. ಹಳ್ಳಿಗಳಿಂದ ಬಸ್ಸು ಹತ್ತಿ ಬಂದವರು. ೨೦೧೬ರಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ಹಣದಲ್ಲಿ ಮಾಲೀಕರ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯಕೂಡದೆಂದು ನಿಯಮ ಮಾಡಿದಾಗ, ಏಪ್ರಿಲ್ ೧೮ ಮತ್ತು ೧೯ರಂದು ಆ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಅವರು ದೊಡ್ಡ ನಾಯಕರ ಕರೆಗೆ ಕಾಯಲಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಸೂಜಿ ಹಿಡಿದ ಕೈ ಮೆತ್ತಗೆಂದು ತಿಳಿದವರಿಗೆ ಆ ಎರಡು ದಿನ ಪಾಠವಾಯಿತು.

ಹಾಗಾದರೆ ಸಿದ್ಧ ಉಡುಪು ಬೇಡವೆಂದು ಎಲ್ಲರೂ ಮನೆಯಲ್ಲೇ ಹೊಲಿದುಕೊಂಡರೆ ಆ ಹೆಣ್ಣುಮಕ್ಕಳ ಗತಿ ಏನು, ನಮ್ಮ ಓಣಿಯ ದರ್ಜಿಯ ಗತಿ ಏನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದರ್ಜಿಯ ಅನ್ನಕ್ಕೆ ಕಲ್ಲು ಹಾಕಿದ್ದು ಅಜ್ಜಿಯ ಕುಲಾವಿಯಲ್ಲ. ಹೊಲಿಗೆಯ ಕೂಲಿಗಿಂತ ಅಗ್ಗವಾಗಿ ಇಡೀ ಅಂಗಿಯನ್ನೇ ಮಾರುವ ವ್ಯಾಪಾರ. ಮನೆಯಲ್ಲಿ ಸೂಜಿ ಹಿಡಿದವನಿಗೆ ಕಾಲರು ಕೂಡಿಸುವ ಕಷ್ಟ ಏನೆಂದು ತಿಳಿಯುತ್ತದೆ, ಕಾಜಾ ಮಾಡುವಾಗ ಬೆರಳು ಹೇಗೆ ನೋಯುತ್ತದೆಂದು ತಿಳಿಯುತ್ತದೆ. ಅಂಥವನು ದರ್ಜಿಯ ಅಂಗಡಿಯಲ್ಲಿ ನಿಂತು ಹತ್ತು ರೂಪಾಯಿಗೆ ಜಗ್ಗಾಡುವುದಿಲ್ಲ. ಬೆಂಗಳೂರಿನ ಹೆಣ್ಣುಮಕ್ಕಳು ಕೂಲಿ ಹೆಚ್ಚಿಸಿರೆಂದಾಗ ಅಂಗಿ ತುಟ್ಟಿಯಾದೀತೆಂದು ಗೊಣಗುವುದೂ ಇಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ನೀವೇ ಹೊಲಿದುಕೊಂಡು ಉಳಿತಾಯ ಮಾಡಿರಿ ಎಂದು ಮಾಲೀಕರು ಉಪದೇಶ ಮಾಡಿದರೆ ಕಿವಿಗೊಡಬೇಡಿರಿ. ಉಳಿಸಿದ ಹಣ ನಿಮ್ಮದು. ಅದನ್ನು ಕೂಲಿಯ ಲೆಕ್ಕದಲ್ಲಿ ಕಳೆಯಲು ಅವರಿಗೆ ಅಧಿಕಾರವಿಲ್ಲ. ಹೆಂಡತಿಯ ಹೊಲಿಗೆ ಇದೆಯೆಂದು ಗಂಡನ ತುಟ್ಟಿಭತ್ಯೆ ಇಳಿಯಕೂಡದು.

ಹೆಂಡತಿಯ ಹೊಲಿಗೆ ಎಂದೆವು. ಅದೂ ಸರಿಯಲ್ಲ. ಪೇಟೆಯಲ್ಲಿ ದರ್ಜಿಯ ಅಂಗಡಿಗಳನ್ನು ನೋಡಿರಿ, ಯಂತ್ರದ ಮುಂದೆ ಕುಳಿತವರು ಹೆಚ್ಚಾಗಿ ಗಂಡಸರು. ಮನೆಯೊಳಗೆ ಬಂದರೆ ಅದೇ ಸೂಜಿ ಹಿಡಿಯಲು ಗಂಡಸಿಗೆ ನಾಚಿಕೆ. ಕೂಲಿ ಬಂದರೆ ಗಂಡಸಿನ ಕಸುಬು, ಕೂಲಿ ಇಲ್ಲದಿದ್ದರೆ ಹೆಂಗಸಿನ ಧರ್ಮ; ಕಾರ್ಖಾನೆಯಲ್ಲಿ ಹೆಂಗಸು ಬಂದು ಕುಳಿತಾಗ ಕೂಲಿಯೂ ಕೆಳಗೆ ಕುಳಿತಿತು! ಎಂಟು ತಾಸು ಗಿರಣಿಯಲ್ಲಿ ಹರಿದ ಎಳೆಗೆ ಗಂಟು ಹಾಕುವ ಬೆರಳಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆಂದರೆ ನಂಬುವವರು ಯಾರು?

ಆದುದರಿಂದ ಗಂಡಸರಾದಿಯಾಗಿ ಎಲ್ಲರೂ ಚೀಲದಿಂದ ಪ್ರಾರಂಭಿಸೋಣ. ವ್ಯಾಪಾರಸ್ಥರಿಗೆ ಇದು ಈಗ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ೨೦೧೬ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮದಂತೆ ೨೦೨೨ರ ಡಿಸೆಂಬರ್ ೩೧ರಿಂದ ೧೨೦ ಮೈಕ್ರಾನಿಗಿಂತ ತೆಳುವಾದ ಚೀಲ ದೇಶದಲ್ಲೆಲ್ಲೂ ಸಲ್ಲದು. ನಿಯಮ ತಪ್ಪೆನ್ನುವುದಿಲ್ಲ. ಆದರೆ ದಂಡದ ಪುಸ್ತಕ ಹಿಡಿದವರು ತಳ್ಳುಗಾಡಿಯ ಮುಂದೆ ನಿಲ್ಲುವಷ್ಟು ಸಲೀಸಾಗಿ ಚೀಲ ಮಾಡುವ ಕಾರ್ಖಾನೆಯ ಮುಂದೆ ನಿಲ್ಲುವುದನ್ನು ನಾವು ಕಂಡಿಲ್ಲ. ಇದರ ನಡುವೆ ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲವೊಂದು ಪೇಟೆಗೆ ಬಂದಿದೆ. ಅದು ನೇಯ್ದ ಬಟ್ಟೆಯಲ್ಲ, ಪ್ಲಾಸ್ಟಿಕ್ ಎಳೆಗಳನ್ನು ಕಾಯಿಸಿ ಒತ್ತಿದ ಹಾಳೆ. ಗಿರಣಿಯವರ ಪರೀಕ್ಷೆ ಮಾಡಿ ನೋಡಿರಿ: ಮೂಲೆಗೆ ಕಡ್ಡಿ ಗೀರಿದರೆ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಮಣಿಗಟ್ಟುತ್ತದೆ.

ನಮ್ಮ ಚೀಲದ ಲೆಕ್ಕ ಹೀಗೆ. ಮೂವತ್ತಾರು ಇಂಚು ಪನ್ನದ ಗಟ್ಟಿ ಕೋರಾ ಬಟ್ಟೆ ಒಂದು ಮೀಟರು, ಎಂದರೆ ಮೂವತ್ತೊಂಬತ್ತು ಇಂಚು ಉದ್ದ, ತೆಗೆದುಕೊಂಡರೆ ಎರಡು ಚೀಲ ಕೈಹಿಡಿಕೆ ಸಹಿತ ಬರುತ್ತವೆ. ಕತ್ತರಿಸುವ ಮೊದಲು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ ಒಣಗಿಸಿರಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಪನ್ನದಲ್ಲಿ ಹದಿನೈದು ಇಂಚಿನ ಎರಡು ಪಟ್ಟಿ ತೆಗೆದರೆ ಆರು ಇಂಚು ಉಳಿಯುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಪ್ರತಿ ಸೀಳನ್ನು ನಡುವೆ ತುಂಡರಿಸಿದರೆ ನಾಲ್ಕು ಹಿಡಿಕೆಗಳಾದವು. ಹಿಡಿಕೆಯನ್ನು ಉದ್ದಕ್ಕೇ ಏಕೆ ತೆಗೆಯಬೇಕು? ಭಾರ ತಡೆಯುವ ಎಳೆ ಹಾಸಿನದು, ಹೊಕ್ಕಿನದಲ್ಲ. ಇದನ್ನು ನಿಮಗೆ ಕಲಿಸುವಷ್ಟು ದಡ್ಡರು ನಾವಲ್ಲ. ದೊಡ್ಡ ಪಟ್ಟಿಗಳನ್ನು ಮೂವತ್ತೈದು ಇಂಚಿಗೆ ಕತ್ತರಿಸಿ, ಬಾಯಿಯ ಕಡೆ ಒಂದೂವರೆ ಇಂಚು ಮಡಚಿ, ಮಗ್ಗುಲುಗಳಲ್ಲಿ ಅರ್ಧರ್ಧ ಇಂಚು ಬಿಟ್ಟು ಹೊಲಿದರೆ ಹದಿನಾಲ್ಕು ಇಂಚು ಅಗಲ, ಹದಿನಾರು ಇಂಚು ಆಳದ ಚೀಲ. ಬುಡದಲ್ಲಿ ಹೊಲಿಗೆಯೇ ಇಲ್ಲ, ಆದುದರಿಂದ ಬುಡ ಬಿಚ್ಚುವ ಭಯವಿಲ್ಲ. ಹಿಡಿಕೆಯನ್ನು ನಾಲ್ಕು ಪದರ ಮಡಚಿ, ತುದಿಯನ್ನು ಎರಡು ಇಂಚು ಕೆಳಗಿಳಿಸಿ ಚೌಕಾಕಾರವಾಗಿ ಹೊಲಿದು ನಡುವೆ ಗುಣಾಕಾರದ ಗೆರೆ ಹಾಕಿರಿ. ಚೀಲ ಹರಿಯುವುದು ಅಲ್ಲಿಂದಲೇ. ಉಳಿದ ನಾಲ್ಕು ಇಂಚಿನ ತುಂಡು ಚಿಲ್ಲರೆ ಕಾಸಿನ ಕಿಸೆಗೆ ಸಾಕು. ಯಂತ್ರವಿಲ್ಲದವರು ಕೈಯಿಂದಲೇ ಹಿಂದುಮುಂದಿನ ಹೊಲಿಗೆ ಹಾಕಿದರೆ ಆಯಿತು, ತಡವಾಗುತ್ತದೆ ಅಷ್ಟೆ.

ಹಳೆಯ ಪ್ಯಾಂಟಿನ ಕಾಲು, ಸೀರೆಯ ಗಟ್ಟಿ ಉಳಿದ ಭಾಗ ಇವುಗಳಿಂದಲೂ ಚೀಲವಾಗುತ್ತದೆ. ಅಂಗಡಿಯವರು ಪರಿಚಯದ ಗಿರಾಕಿಗಳಿಗೆ ಚೀಲ ಕೊಟ್ಟು ಠೇವಣಿ ಹಿಡಿದು, ಮರಳಿ ತಂದಾಗ ಹಣ ಹಿಂದಿರುಗಿಸುವ ಪದ್ಧತಿ ಹಾಕಿಕೊಳ್ಳಬಹುದು. ಚೀಲಗಳನ್ನು ಹೊಲಿದುಕೊಟ್ಟವರಿಗೆ ಮಾತ್ರ ಕೂಲಿ ಕೊಡಬೇಕು. ಮನೆಯವರಿಗೆಂದು ಹೊಲಿದದ್ದು ಪ್ರೀತಿ, ಅಂಗಡಿಗೆಂದು ಹೊಲಿದದ್ದು ಕೆಲಸ. ಇವೆರಡನ್ನೂ ಕಲಸಿ ಯಾರೂ ಪುಕ್ಕಟೆ ದುಡಿಸಿಕೊಳ್ಳಬಾರದು.

ಬರುವ ಭಾನುವಾರ ಮಧ್ಯಾಹ್ನ ಇದೇ ಜಾಗದಲ್ಲಿ ಕಲಿಯುವವರು ಕೂಡೋಣ. ಹೆಸರು ಬರೆಸಿದವರಲ್ಲಿ ಗಂಡಸರು ಬಹಳ ಕಡಮೆ. ಎರಡನೆಯ ಪಾಳಿ ಮುಗಿಸಿ ಬರುವವರಿಗಾಗಿ ರಾತ್ರಿ ಹತ್ತಕ್ಕೂ ಒಂದು ಕೂಟವಿಡಲು ನಾವು ಸಿದ್ಧ. ಬರುವಾಗ ಒಗೆದ ಹಳೆಯ ಬಟ್ಟೆ, ಸೂಜಿ, ದಾರ ತನ್ನಿರಿ. ಕತ್ತರಿ ನಮ್ಮಲ್ಲಿ ಎರಡೇ ಇವೆ. ಇದ್ದವರು ತಮ್ಮದನ್ನೂ ತಂದರೆ ಉಪಕಾರವಾದೀತು.