ಒಂದೆಲಗ, ಹೊನಗೊನ್ನೆ ಮತ್ತು ರಾಜಗೋಪಾಲನಗರದ ನೆಲ



ಮಲೆನಾಡಿನ ಅಡುಗೆಯೆಂದೊಡನೆ ಹಬ್ಬದ ಕಡುಬಿನ ನೆನಪಾಗುವುದು ಸಹಜ. ಆದರೆ ಆ ಅಡುಗೆಯ ಜೀವವಿರುವುದು ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ. ಅಲ್ಲಿ ತಾನಾಗಿ ಹಬ್ಬುವ ಒಂದೆಲಗವನ್ನು ಜೀರಿಗೆ, ಕಾಳುಮೆಣಸು, ತೆಂಗಿನತುರಿಯೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ. ಸೊಪ್ಪು ಅನೇಕ ಮನೆಗಳಲ್ಲಿ ಒಲೆಯನ್ನೇ ಕಾಣುವುದಿಲ್ಲ. ಕೆಸುವಿನ ಎಲೆಯ ಮಾತು ಬೇರೆ; ಅದು ಗಂಟಲು ಕೆರೆಯುತ್ತದೆ, ಆದ್ದರಿಂದಲೇ ಪತ್ರೊಡೆಯ ಹಿಟ್ಟಿಗೆ ಹುಣಸೆಯೋ ವಾಟೆಹುಳಿಯೋ ಬೀಳಬೇಕು. ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬಳಿಕ ಬೇಯಿಸಿಯೇ ಉಣ್ಣಬೇಕು. ಯಾವುದು ಹಸಿಯಾಗಿ ಸಲ್ಲುತ್ತದೆ, ಯಾವುದನ್ನು ಪಳಗಿಸಬೇಕು ಎಂಬ ಈ ವಿವೇಕವು ಹೆಂಗಸರ ಕೈಯಿಂದ ಕೈಗೆ ದಾಟಿ ಬಂದದ್ದು.

ಆ ಕೈಗಳಲ್ಲಿ ಕೆಲವು ಈಗ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಒತ್ತಿಕೊಂಡಿರುವ ರಾಜಗೋಪಾಲನಗರದ ವಠಾರಗಳಲ್ಲಿವೆ. ಘಟ್ಟದ ಕಡೆಯಿಂದ ಬಂದವರಿಗೆ ಅಲ್ಲಿ ನೆರೆಯವರು ತುಮಕೂರು, ಮಂಡ್ಯ ಸೀಮೆಯವರು. ಅವರದು ಬೆರಕೆ ಸೊಪ್ಪಿನ ಪರಂಪರೆ: ಮಳೆ ಬಿದ್ದ ಮೇಲೆ ಹೊಲದಲ್ಲಿ ಕಳೆಯಾಗಿ ಏಳುವ ಅಣ್ಣೆ, ಗೋಣಿ, ಗಣಿಕೆ, ಜೌಗಿನಂಚಿನ ಹೊನಗೊನ್ನೆ, ಎಲ್ಲವೂ ಒಂದೇ ಮಡಿಲಿಗೆ. ಬೇಳೆಯೊಡನೆ ಬೇಯಿಸಿ, ಕಟ್ಟು ಬಸಿದು, ಸೊಪ್ಪನ್ನು ಪಲ್ಯಕ್ಕೆ ಒಗ್ಗರಿಸುತ್ತಾರೆ. ಅದರಲ್ಲೇ ಒಂದು ಹಿಡಿಯನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿಯೊಡನೆ ರುಬ್ಬಿ ಕಟ್ಟಿಗೆ ಕೂಡಿಸಿ ಕುದಿಸಿದರೆ ಬಸ್ಸಾರು, ಜೊತೆಗೆ ರಾಗಿಮುದ್ದೆ. ಒಂದು ತೊಟ್ಟೂ ಚೆಲ್ಲದ ಅಡುಗೆಯಿದು.

ಈ ಮಿತವ್ಯಯವೇ ಇಲ್ಲಿ ಅಪಾಯದ ದಾರಿಯಾಗಿದೆ. ಪೀಣ್ಯದಲ್ಲಿ ಲೋಹಲೇಪನದ ಘಟಕಗಳು ಹಲವು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ದಾಖಲಾದ ಸಂಗತಿ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕವು ಅದಕ್ಕೆ ಒಪ್ಪಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಹೊನಗೊನ್ನೆಯಾಗಲಿ ಒಂದೆಲಗವಾಗಲಿ ತೇವವಿದ್ದಲ್ಲಿ ಬೇರೂರುವ ಗಿಡಗಳು. ತೇವ ಎಲ್ಲಿಂದ ಬಂತೆಂದು ಅವು ಕೇಳುವುದಿಲ್ಲ. ಎಲೆಯ ಮೇಲಿನ ಧೂಳು ತೊಳೆದರೆ ಹೋದೀತು. ಬೇರಿನ ಮೂಲಕ ಒಳಹೊಕ್ಕ ಸೀಸ, ಕ್ಯಾಡ್ಮಿಯಂಗಳು ಬೆಂಕಿಗೂ ನಾಶವಾಗವು. ಬೇಯುವಾಗ ನೀರಿಗಿಳಿದದ್ದು ಬಸ್ಸಾರಿನಲ್ಲಿ ತಟ್ಟೆಗೇ ಮರಳುತ್ತದೆ. ಕಹಿಯನ್ನು, ತುರಿಕೆಯನ್ನು ನಾಲಗೆ ಗುರುತಿಸೀತು. ಲೋಹದ ಈ ಸೂಕ್ಷ್ಮ ಪ್ರಮಾಣವನ್ನು ಯಾವ ಅಜ್ಜಿಯ ನಾಲಗೆಯೂ ಗುರುತಿಸಲಾರದು.

ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯವರೂ ವಸಂತದಲ್ಲಿ ಈರುಳ್ಳಿ ಜಾತಿಯ ಕಾಡುಸೊಪ್ಪು 'ರ್‍ಯಾಂಪ್' ಹುಡುಕಿ ಹೊರಡುತ್ತಾರೆ. ಕಲ್ಲಿದ್ದಲಿಗಾಗಿ ಬೆಟ್ಟದ ತುದಿಯನ್ನೇ ಸಿಡಿಸಿದ ಕಡೆ ಅವರಿಗೆ ಸೊಪ್ಪೂ ಇಲ್ಲ, ನೆಲವೂ ಇಲ್ಲ. ರಾಜಗೋಪಾಲನಗರದ್ದು ಇನ್ನೊಂದು ಬಗೆಯ ನಷ್ಟ. ಸೊಪ್ಪು ಕಣ್ಣೆದುರೇ ಹಸಿರಾಗಿದೆ, ಅದನ್ನು ಗುರುತಿಸಬಲ್ಲ ತಾಯಿಯೂ ಇದ್ದಾಳೆ. ಆದರೆ ಮಗಳಿಗೆ ಆಕೆ ಕಲಿಸಬೇಕಾದ ಮೊದಲ ಪಾಠ 'ಮುಟ್ಟಬೇಡ' ಎಂಬುದು.

'ಊರಿನಿಂದ ತರಿಸಿಕೊಳ್ಳಲಿ' ಎನ್ನುವುದು ಸುಲಭ. ಉಪ್ಪಿನ ಅಪ್ಪೆಮಿಡಿ, ವಾಟೆಹುಳಿ ರಾತ್ರಿ ಬಸ್ಸಿನಲ್ಲಿ ಕೆಡದೆ ಬಂದಾವು. ಎಳೆಯ ಒಂದೆಲಗ ಬಾಡುತ್ತದೆ. ಹಾಗಾಗಿ ಉಳಿದದ್ದು ತಾರಸಿ. ಮನೆಯ ಮಾಲೀಕರು ಒಪ್ಪಿದರೆ ಹಳೆಯ ಬಕೆಟ್ಟು ಸಾಕು, ಆದರೆ ಮಣ್ಣು ಊರಿನದಾಗಬೇಕು, ನೀರು ಕೊಳವೆಬಾವಿಯದಾಗಬಾರದು. ಮಳೆನೀರು ಹಿಡಿದಿಟ್ಟರೆ ಉತ್ತಮ. ದೊಡ್ಡಪತ್ರೆಯ ಒಂದು ಕಡ್ಡಿ ಊರಿದರೆ ಬೇರು ಬಿಡುತ್ತದೆ; ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಒಂದೆಲಗವೂ ಹಬ್ಬುತ್ತದೆ. ಒಂದು ಬಕೆಟ್ಟಿನ ಸೊಪ್ಪು ವಾರಕ್ಕೊಂದು ತಂಬುಳಿಗೆ ಆದೀತು. ಬಸ್ಸಾರಿಗೆ ಬೇಕಾದ ಮಡಿಲು ತುಂಬ ಬೆರಕೆ ಸೊಪ್ಪು ಮಾತ್ರ ಯಾವ ತಾರಸಿಯಲ್ಲೂ ಹಿಡಿಯುವುದಿಲ್ಲ. ಅದಕ್ಕೆ ಹೊಲ ಬೇಕು, ಕೆರೆಯಂಗಳ ಬೇಕು.