ಚಳಿಗೆ ಜಾಕೆಟ್ ಇದೆ, ಕತ್ತಲೆಗೆ?

ನಾನು ಧಾರವಾಡದವನು. ಪುಣೆಯಲ್ಲಿ ಆರು ವರ್ಷ ಕೆಲಸ ಮಾಡಿ, 2018ರ ನವೆಂಬರ್‌ನಲ್ಲಿ ಹೆಂಡತಿ ಜೊತೆ ಮಿನಿಯಾಪೊಲಿಸ್‌ಗೆ ಹೋದೆ. ಈಗ ವಾಪಸ್ ಪುಣೆಯಲ್ಲೇ ಇದೀನಿ. 'ಪುಣೆ ಚಳಿ ನೋಡಿದವನಿಗೆ ಇದೇನು ಮಹಾ' ಅಂದ್ಕೊಂಡೇ ವಿಮಾನ ಹತ್ತಿದ್ದೆ.

2019ರ ಜನವರಿ ಕೊನೆಯಲ್ಲಿ ಉತ್ತರ ಧ್ರುವದ ಶೀತಗಾಳಿ ಕೆಳಗಿಳಿದು ಬಂತು. ಮೈನಸ್ 33 ಡಿಗ್ರಿ! ಉಸಿರೆಳೆದರೆ ಮೂಗಿನೊಳಗಿನ ತೇವವೇ ಹೆಪ್ಪುಗಟ್ಟುತ್ತೆ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಬಟ್ಟೆ ಮೇಲು ಅಂತ ಆಗ ಕಲಿತೆ. ನಡುವೆ ನಿಂತ ಗಾಳಿಯೇ ಬಿಸಿ ಹಿಡಿಯೋದು. ಕಾರಿನಲ್ಲಿ ಕಂಬಳಿ ಇರಲೇಬೇಕು. ಡೌನ್‌ಟೌನ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಸ್ಕೈವೇ ಇದೆ. ಅದರೊಳಗೆ ನಾನು ಬೆಚ್ಚಗೇ ಆಫೀಸಿಗೆ ಹೋಗ್ತಿದ್ದೆ.

ಮನೆಯಲ್ಲಿ? ಡಿಸೆಂಬರ್‌ನಿಂದಲೇ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಿದ್ದ. ಇವಳದ್ದು ಡಿಪೆಂಡೆಂಟ್ ವೀಸಾ. ಕೆಲಸ ಮಾಡೋ ಹಾಗಿಲ್ಲ, ಡ್ರೈವಿಂಗ್ ಬರಲ್ಲ. ಒಂದು ಸಂಜೆ ಬಂದು ನೋಡಿದ್ರೆ ದೀಪ ಹಾಕದೇ ಕೂತಿದ್ಳು. "ಇವತ್ತ ನನ್ನ ಕೂಡ ಮಾತಾಡಿದ ಮೊದಲನೇ ಮನಷ್ಯಾ ನೀವ ನೋಡ್ರಿ" ಅಂದ್ಳು. ದಿನಾ ಹೀಟರ್ ಎಷ್ಟು ಡಿಗ್ರಿ ಅಂತ ನೋಡ್ತಿದ್ದ ನಾನು, ಅವಳ ಮುಖ ನೋಡಿರಲಿಲ್ಲ.

ಮರುವಾರವೇ ಡ್ರೈವಿಂಗ್ ಕ್ಲಾಸಿಗೆ ಸೇರಿಸಿದೆ. ಮಧ್ಯಾಹ್ನ ಬಿಸಿಲಿದ್ದಾಗ ಲೈಬ್ರರಿವರೆಗೆ ನಡೆಯೋದು ಶುರುವಾಯ್ತು. ಏಪ್ರಿಲ್‌ನಲ್ಲಿ ಅವಳು ಕಾರು ಓಡಿಸಿದ್ಳು, ನಾನು ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ!

ಆನ್‌ಸೈಟ್‌ಗೆ ಹೊರಟಿರೋರಿಗೆ ನನ್ನದಿಷ್ಟೇ ಮಾತು: ಜಾಕೆಟ್ ಅಲ್ಲೇ ಸಿಗುತ್ತೆ. ಜೊತೆಗೆ ಬರೋರು ಇಡೀ ಹಗಲು ಯಾರ ಹತ್ರ ಮಾತಾಡ್ತಾರೆ ಅನ್ನೋದನ್ನ ಮಾತ್ರ ಇಲ್ಲಿಂದಲೇ ಯೋಚಿಸಿ ಹೋಗಿ.